ಊರಿನ ಐತಿಹ್ಯ ಬರೆಯುವ ಮುನ್ನ: ಕಥೆ ಮತ್ತು ಚರಿತ್ರೆಯನ್ನು ಬೇರ್ಪಡಿಸುವ ಬಗೆ

ಉತ್ತರ ಕನ್ನಡದಲ್ಲಿ ಊರಿನ ಚರಿತ್ರೆ ಹೆಚ್ಚಾಗಿ ಅಚ್ಚಾಗುವುದು ಮೂರು ಕಡೆ: ದೇವಸ್ಥಾನದ ಪುನಃಪ್ರತಿಷ್ಠೆಯ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಕ, ಪ್ರವಾಸಿಗರಿಗಾಗಿ ನಿಲ್ಲಿಸುವ ಫಲಕ. ಮೂರನ್ನೂ ಬರೆಯುವವರು ಊರಿನವರೇ, ಮೂರಕ್ಕೂ ಸಿಗುವ ಸಮಯ ಕಡಿಮೆ. ಅಜ್ಜ ಹೇಳಿದ್ದು, ಹಳೆಯ ಸಂಚಿಕೆಯಲ್ಲಿ ಇದ್ದದ್ದು, ಮೊಬೈಲಿಗೆ ಬಂದದ್ದು ಒಂದೇ ಪ್ಯಾರಾದಲ್ಲಿ ಬೆರೆತುಹೋಗುತ್ತವೆ. ಮುಂದೆ ಇನ್ನೊಬ್ಬರು ಬರೆಯುವಾಗ ಆ ಪ್ಯಾರಾವೇ ಆಧಾರವಾಗುತ್ತದೆ. ಅದನ್ನು ತಡೆಯುವ ಕೆಲಸ ಕಷ್ಟದ್ದಲ್ಲ. ಒಂದು ನೋಟ್‌ಬುಕ್ಕು, ಒಂದು ಟಾರ್ಚು, ಒಂದೆರಡು ಗ್ರಂಥಾಲಯ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಈ ಬರಹದ ಉದ್ದಕ್ಕೂ ಹಿಡಿಯಬೇಕಾದ ಸೂತ್ರ ಒಂದೇ. ಪ್ರತಿ ಐತಿಹ್ಯಕ್ಕೂ ಎರಡು ಕಾಲ ಇರುತ್ತದೆ: ಕಥೆಯೊಳಗಿನ ಘಟನೆಯ ಕಾಲ, ಆ ಕಥೆ ಮೊದಲು ದಾಖಲಾದ ಕಾಲ. ಎರಡನ್ನೂ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಘಟನೆಗೆ ಸಾಕ್ಷಿ ಆಗದ ಕಥೆಯೂ ಅದು ಹುಟ್ಟಿದ ಕಾಲಕ್ಕೆ ಒಳ್ಳೆಯ ಸಾಕ್ಷಿಯಾಗುತ್ತದೆ. ಹಾಗಾಗಿ ಯಾವ ಕಥೆಯನ್ನೂ ಎಸೆಯಬೇಡಿ, ಅದರ ಜಾಗದಲ್ಲಿ ಇಡಿ.

ಮೊದಲು ಕಥೆಯನ್ನು ಬಿಡಿಸಿ

ಕೇಳಿದ ಕಥೆಯನ್ನು ಇಡಿಯಾಗಿ ಪರೀಕ್ಷಿಸಲು ಹೋದರೆ ಸೋಲುತ್ತೀರಿ. ಒಂದು ವಾಕ್ಯಕ್ಕೆ ಒಂದೇ ಸಂಗತಿ ಬರುವಂತೆ ಬಿಡಿಸಿ ಬರೆಯಿರಿ. ಕಾರವಾರದ ಕಡಲತೀರದ ಬಗ್ಗೆ ಎಲ್ಲೆಡೆ ಕಾಣುವ ಮಾತು: 'ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರು, ತಮ್ಮ ಮೊದಲ ನಾಟಕ ಇಲ್ಲೇ ಬರೆದರು, ಕಾರವಾರವನ್ನು ಕರ್ನಾಟಕದ ಕಾಶ್ಮೀರ ಎಂದು ಕರೆದರು.' ಬಿಡಿಸಿದರೆ ಇಲ್ಲಿ ನಾಲ್ಕು ಸಂಗತಿ ಇವೆ. ಬಂದದ್ದು, ನಾಟಕ ಬರೆದದ್ದು, ಅದು ಮೊದಲನೆಯದು ಎಂಬುದು, ಕಾಶ್ಮೀರದ ಮಾತು.

ಬಂದದ್ದು ಖಚಿತ. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಮತ್ತು ಠಾಕೂರರೇ ತಮ್ಮ 'ಜೀವನ ಸ್ಮೃತಿ'ಯಲ್ಲಿ ಕಾರವಾರಕ್ಕೆ ಒಂದು ಅಧ್ಯಾಯ ಕೊಟ್ಟಿದ್ದಾರೆ. ಇಲ್ಲಿಂದ ಮರಳಿದ ಸ್ವಲ್ಪ ಸಮಯಕ್ಕೆ ಮದುವೆ ಆಯಿತು ಎಂದೂ ಅಲ್ಲೇ ಬರೆದಿದ್ದಾರೆ. ಮದುವೆ ನಡೆದದ್ದು 1883ರ ಡಿಸೆಂಬರ್‌ನಲ್ಲಿ, ಆದ್ದರಿಂದ ಕಾರವಾರದ ವಾಸವನ್ನು 1883ಕ್ಕೆ ಇಡುವುದು ಸರಿಹೊಂದುತ್ತದೆ. 'ಪ್ರಕೃತಿರ್ ಪ್ರತಿಶೋಧ್' ಇಲ್ಲಿ ಬರೆದದ್ದೂ ನಿಜ. ಆದರೆ ಅದು ಮೊದಲ ನಾಟಕ ಅಲ್ಲ, 'ವಾಲ್ಮೀಕಿ ಪ್ರತಿಭಾ' 1881ರಲ್ಲೇ ರಂಗಕ್ಕೆ ಬಂದಿತ್ತು. ಇನ್ನು ಕಾಶ್ಮೀರದ ಮಾತು. ಆ ಅಧ್ಯಾಯದಲ್ಲಿ ಅರ್ಧಚಂದ್ರಾಕಾರದ ತೀರ ಇದೆ, ಗಾಳಿಮರ ಇದೆ, ಕಾಳಿ ನದಿ ಇದೆ, ಆ ಮಾತು ಇಲ್ಲ. ಕಾರವಾರವನ್ನು ಅವರು ಗುರುತಿಸುವುದು ಬಾಂಬೆ ಪ್ರಾಂತ್ಯದ ದಕ್ಷಿಣ ಭಾಗದ ಕೆನರಾ ಜಿಲ್ಲೆಯ ಮುಖ್ಯ ಊರು ಎಂದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಒಂದು ಉದ್ಧರಣೆಯಲ್ಲಿ ಆ ಕಾಲದವರು ಬಳಸದ ಆಡಳಿತದ ಹೆಸರು ಬಂದರೆ, ಅದು ಆಮೇಲೆ ಯಾರೋ ಕಟ್ಟಿದ ಮಾತು ಎಂದು ಅನುಮಾನಿಸಲು ಅಷ್ಟು ಸಾಕು. ಪುಟಸಂಖ್ಯೆ ಕೊಡುವವರು ಸಿಗುವ ತನಕ ಫಲಕದಲ್ಲಿ ಹಾಕಬೇಡಿ. ಠಾಕೂರರು ನಿಜವಾಗಿ ಬರೆದ ವರ್ಣನೆಯೇ ಅದಕ್ಕಿಂತ ಎಷ್ಟೋ ಚೆಂದ ಇದೆ.

ಅದೇ ತೀರದಲ್ಲಿ ನಿಂತಿರುವ ಚಪಲ್ ಯುದ್ಧನೌಕೆ 1971ರ ಕರಾಚಿ ದಾಳಿಯಲ್ಲಿ ಇತ್ತು ಎನ್ನುವುದನ್ನೂ ಹೀಗೆಯೇ ನೋಡಿ. 1971ರ ಡಿಸೆಂಬರ್ 4ರ ರಾತ್ರಿಯ ದಾಳಿಯಲ್ಲಿ ಕ್ಷಿಪಣಿ ಹಾರಿಸಿದ ನೌಕೆಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಐವತ್ತು ಚಿಲ್ಲರೆ ವರ್ಷದ ಹಿಂದಿನ ಸಂಗತಿಯೇ ಹೀಗೆ ಕಲಸಿಹೋಗುತ್ತದೆ ಎಂದಾದರೆ ಐನೂರು ವರ್ಷದ್ದನ್ನು ಎಷ್ಟು ಎಚ್ಚರದಿಂದ ನೋಡಬೇಕು!

ಕಥೆ ಬೆಳೆದ ಮೆಟ್ಟಿಲು ಗುರುತಿಸಿ

ಒಂದೇ ಕಥೆಯ ಎಲ್ಲ ರೂಪಗಳನ್ನೂ, ದಾಖಲಾದ ಕಾಲದ ಕ್ರಮದಲ್ಲಿ, ಒಂದರ ಕೆಳಗೊಂದು ಬರೆಯಿರಿ. ಈ ಅಭ್ಯಾಸಕ್ಕೆ ಬನವಾಸಿಯ ಕದಂಬರಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ತಾಳಗುಂದದ ಕಂಬದ ಶಾಸನ ಸುಮಾರು 450ರದ್ದು, ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಬರೆದದ್ದು. ಅದರ ಪ್ರಕಾರ ಮಯೂರಶರ್ಮ ಬ್ರಾಹ್ಮಣ ಮನೆತನದವ, ಓದಲು ಕಂಚಿಗೆ ಹೋದವ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದವ. ಮನೆಯ ಹತ್ತಿರ ಬೆಳೆದಿದ್ದ ಕದಂಬ ಮರವನ್ನು ಸಾಕಿದ್ದರಿಂದ ಮನೆತನಕ್ಕೆ ಆ ಹೆಸರು. ಇದು ಮೊದಲ ಮೆಟ್ಟಿಲು. ಆರೇಳು ನೂರು ವರ್ಷ ಕಳೆದ ಮೇಲೆ, ಹಾನಗಲ್ಲು ಮತ್ತು ಗೋವೆಯ ಕದಂಬರ ಶಾಸನಗಳಲ್ಲಿ ಮೂಲಪುರುಷ ಶಿವನ ಬೆವರ ಹನಿಯಿಂದ ಕದಂಬ ಮರದ ಬುಡದಲ್ಲಿ ಹುಟ್ಟಿದ ಮೂರು ಕಣ್ಣಿನ ತ್ರಿಲೋಚನ ಆಗಿದ್ದಾನೆ. ಮುಕ್ಕಣ್ಣ ಕದಂಬ ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದ ಎಂಬುದೂ ಈ ನಂತರದ ಪದರಕ್ಕೆ ಸೇರಿದ್ದು. ನಮ್ಮ ಭಾಗದ ಅನೇಕ ಮನೆತನಗಳ ಮೂಲಕಥೆ ನಿಂತಿರುವುದು ಈ ಎರಡನೆಯ ಪದರದ ಮೇಲೆ.

ಎರಡನ್ನೂ ಬೆರೆಸಿ 'ಶಿವನ ಬೆವರಿನಿಂದ ಹುಟ್ಟಿದ ಮಯೂರವರ್ಮ 345ರಲ್ಲಿ ರಾಜ್ಯ ಕಟ್ಟಿದ' ಎಂದು ಬರೆದರೆ ಆರೇಳು ಶತಮಾನ ಒಂದೇ ವಾಕ್ಯದಲ್ಲಿ ಮಡಚಿಕೊಳ್ಳುತ್ತವೆ. ಬೇರೆಬೇರೆ ಇಟ್ಟರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಹನ್ನೊಂದು-ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ಕೈಕೆಳಗಿದ್ದ ಕದಂಬ ಶಾಖೆಗಳಿಗೆ ದೈವೀ ಹುಟ್ಟು ಏಕೆ ಬೇಕಾಯಿತು? ಇದು ಚರಿತ್ರೆಯ ಪ್ರಶ್ನೆ, ಇದಕ್ಕೆ ಉತ್ತರ ಹುಡುಕಲು ಸಾಧ್ಯ.

ಮೊದಲ ಮೆಟ್ಟಿಲನ್ನೂ ಕಣ್ಣುಮುಚ್ಚಿ ನಂಬಬೇಡಿ. ಕುಬ್ಜ ಬರೆದದ್ದು ಘಟನೆಯಾಗಿ ನೂರು ವರ್ಷದ ಮೇಲೆ, ಅದೂ ಮಯೂರಶರ್ಮನ ವಂಶದವರಿಗಾಗಿ. ಮನೆತನದ ಹೆಸರು, ಪಲ್ಲವರೊಡನೆ ಹೋರಾಟ, ರಾಜ್ಯ ಕಟ್ಟಿದ್ದು ಗಟ್ಟಿ. ಜಗಳದ ವಿವರವನ್ನು 'ಶಾಸನ ಹೇಳುವಂತೆ' ಎಂದು ಬರೆಯುವುದು ಪ್ರಾಮಾಣಿಕ.

ಇಷ್ಟಾದರೂ ಕಥೆ ಏಕೆ ಅಳಿಯುವುದಿಲ್ಲ

ಕಣ್ಣೆದುರು ಕಲ್ಲು ಇರುವುದು ಮೊದಲ ಕಾರಣ. ಯಾಣದಲ್ಲಿ ಸುಮಾರು 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಕಪ್ಪಗೆ ನಿಂತಿವೆ, ಬುಡದ ಮಣ್ಣೂ ಕಪ್ಪು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಎನ್ನಲು ಇನ್ನೇನು ಬೇಕು? ಅದು ಮಳೆನೀರು ಕರಗಿಸಿ ಕೊರೆದ ಸುಣ್ಣದಕಲ್ಲು ಎಂಬ ವಿವರಣೆ ಸರಿಯೇ, ಆದರೆ ಅದು ಶಿವರಾತ್ರಿಗೆ ಯಾರನ್ನೂ ಬೆಟ್ಟ ಹತ್ತಿಸುವುದಿಲ್ಲ. 'ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ' ಎಂಬ ಗಾದೆ ದಾರಿಯ ಕಷ್ಟವನ್ನೂ ಖರ್ಚನ್ನೂ ಜನ ಕಂಡ ಹಾಗೆ ದಾಖಲಿಸಿದೆ. ಇಂಥ ಪುರಾಣಕ್ಕೂ ಶಿಲೆಯ ವಿವರಣೆಗೂ ಜಗಳ ಹಚ್ಚುವುದು ವ್ಯರ್ಥ. ಎರಡೂ ಬೇರೆ ಪ್ರಶ್ನೆಗೆ ಉತ್ತರಿಸುತ್ತವೆ, ಫಲಕದಲ್ಲಿ ಎರಡಕ್ಕೂ ಬೇರೆ ಪ್ಯಾರಾ ಇರಲಿ.

ಆಚರಣೆ ಎರಡನೆಯ ಕಾರಣ. ಜಾತ್ರೆಗೆ, ಯಕ್ಷಗಾನಕ್ಕೆ, ಹರಕೆಗೆ ಕಟ್ಟಿಕೊಂಡ ಕಥೆ ಸಮಯಕ್ಕೆ ಸರಿಯಾಗಿ ಮತ್ತೆ ಕೇಳಿಬರುತ್ತದೆ. ಶಿರಸಿಯ ಮಾರಿಕಾಂಬೆಯ ಜಾತ್ರೆಯ ಹಿಂದಿನ ಮದುವೆಯ ಕಥೆ ದಖ್ಖನದ ಬೇರೆ ಎಷ್ಟೋ ಊರುಗಳ ಮಾರಿ ಹಬ್ಬದಲ್ಲೂ ಇದೆ. ಒಂದೇ ಕಥೆ ದೂರದೂರದ ಊರುಗಳಲ್ಲಿ ಹೆಸರು ಬದಲಿಸಿ ಸಿಕ್ಕರೆ, ಅದನ್ನು ನಿಮ್ಮ ಊರಲ್ಲಿ ನಡೆದ ಘಟನೆ ಎಂದು ಬರೆಯಲು ಬರುವುದಿಲ್ಲ. ಜನಪದದ ಹಂಚಿಕೆಯ ಆಸ್ತಿ ಎಂದು ಬರೆಯಿರಿ.

ದೊಡ್ಡ ಹೆಸರು ಸಣ್ಣ ಹೆಸರನ್ನು ನುಂಗುವುದು ಮೂರನೆಯದು. ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡವನ್ನು ಶಿವಾಜಿ ಕಟ್ಟಿಸಿದ ಎಂದು ಹೇಳುವವರು ಬಹಳ. ಅದು 1715ರಲ್ಲಿ ಸೋದೆಯ ಅರಸ ತನ್ನ ತಂದೆಯ ಹೆಸರಿಟ್ಟು ಕಟ್ಟಿಸಿದ್ದು, ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಹಾಗಂತ ಕಥೆ ಗಾಳಿಯಲ್ಲಿ ಹುಟ್ಟಲಿಲ್ಲ. 1665ರಲ್ಲಿ ಶಿವಾಜಿ ಬಸರೂರಿನ ದಂಡಯಾತ್ರೆ ಮುಗಿಸಿ ಗೋಕರ್ಣದ ಮೇಲಿಂದ ಕಾರವಾರಕ್ಕೆ ಬಂದದ್ದು, ಇಲ್ಲಿಯ ಇಂಗ್ಲಿಷರ ವ್ಯಾಪಾರ ಕೋಠಿಯವರೂ ಹಣ ತೆತ್ತದ್ದು ಅವರದೇ ದಾಖಲೆಯಲ್ಲಿದೆ. ನಿಜವಾದ ಒಂದು ಭೇಟಿಯ ನೆನಪು ಹತ್ತಿರದ ಕೋಟೆಗೆ ಅಂಟಿಕೊಂಡಿತು. ಠಾಕೂರರೂ ಕಾಳಿ ನದಿಯಲ್ಲಿ ದೋಣಿಯೇರಿ ಶಿವಾಜಿಯ ಹಳೆಯ ಗುಡ್ಡದ ಕೋಟೆ ನೋಡಿದ್ದಾಗಿ ಬರೆದಿದ್ದಾರೆ. ಅಂದರೆ ಈ ನೆನಪು 1883ಕ್ಕಾಗಲೇ ಇಲ್ಲಿ ಓಡಾಡುತ್ತಿತ್ತು.

ನಾಲ್ಕನೆಯ ಕಾರಣ ನಮ್ಮ ಜಿಲ್ಲೆಗೇ ವಿಶೇಷ, ಎಲ್ಲಕ್ಕಿಂತ ಮುಖ್ಯ ಎಂದೂ ತೋರುತ್ತದೆ. ಈ ಜಿಲ್ಲೆ 1862ರ ತನಕ ಮದರಾಸಿಗೆ, ಆಮೇಲೆ 1956ರ ತನಕ ಬಾಂಬೆಗೆ ಸೇರಿತ್ತು. ಅದಕ್ಕೂ ಹಿಂದಿನ ಕಡಲ ವ್ಯಾಪಾರದ ಕಾಗದ ಪೋರ್ಚುಗೀಸಿನಲ್ಲಿ ಗೋವೆ, ಲಿಸ್ಬನ್ನಿನಲ್ಲಿದೆ. ಸೋದೆಯ ಅರಸು ಮನೆತನವೇ 1763ರಲ್ಲಿ ಹೈದರನಿಗೆ ಸೋತು ಗೋವೆಗೆ ಹೋಯಿತು. ದಾಖಲೆ ಒಂದು ಊರಲ್ಲಿ, ಓದುವ ಭಾಷೆ ಇನ್ನೊಂದು, ಕೇಳುವ ಜನ ಮತ್ತೊಂದು ಕಡೆ. ಆ ಖಾಲಿ ಜಾಗವನ್ನು ಕಥೆ ತುಂಬಿತು.

ಎಲ್ಲಿ ಹುಡುಕಬೇಕು

ಮೊದಲು 1883ರ ಬಾಂಬೆ ಪ್ರಾಂತ್ಯದ ಗೆಜೆಟಿಯರ್‌ನ 15ನೆಯ ಸಂಪುಟ, ಕೆನರಾ ಜಿಲ್ಲೆಯದು. ಎರಡು ಭಾಗ ಇವೆ, ಊರುಗಳ ವಿವರ ಎರಡನೆಯ ಭಾಗದಲ್ಲಿ. ಉಚಿತವಾಗಿ ಅಂತರ್ಜಾಲದಲ್ಲಿ ಸಿಗುತ್ತದೆ. ಆದರೆ ಅದೂ ಐತಿಹ್ಯವನ್ನು ಚರಿತ್ರೆಯ ಜೊತೆಗೇ ಕೊಡುತ್ತದೆ, ಅಡಿಟಿಪ್ಪಣಿ ಓದದೆ ಬಳಸಬೇಡಿ. ನಂತರ 1801ರಲ್ಲಿ ಈ ದಾರಿಯಲ್ಲಿ ಬಂದ ಇಂಗ್ಲಿಷ್ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ವರದಿ. ಮೂರನೆಯದು ಶಾಸನಗಳು. ಇಲ್ಲಿ ಅನೇಕರು ದಾರಿ ತಪ್ಪುತ್ತಾರೆ: 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಳೆಯ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು, ನಮ್ಮ ಜಿಲ್ಲೆ ಅವುಗಳಲ್ಲಿ ಇಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಶಾಸನವೇ ಇಲ್ಲ ಎಂದುಕೊಳ್ಳಬೇಡಿ. 'ದಕ್ಷಿಣ ಭಾರತದ ಶಾಸನಗಳು' ಸರಣಿಯ ಬಾಂಬೆ-ಕರ್ನಾಟಕ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳು ಮತ್ತು ಪುರಾತತ್ವ ಇಲಾಖೆಯ ವಾರ್ಷಿಕ ಶಾಸನ ವರದಿಗಳನ್ನು ನೋಡಿ. ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲಿದೆ.

ದೇವಸ್ಥಾನಕ್ಕೆ ಇಂಥ ಅರಸ ಭೂಮಿ ಬಿಟ್ಟ ಎಂಬ ಮಾತಿದ್ದರೆ ಇನಾಂ (ದಾನದ ಭೂಮಿ) ಮತ್ತು ತಸ್ತೀಕಿನ (ದೇವಸ್ಥಾನಕ್ಕೆ ಸರ್ಕಾರ ಕೊಡುವ ವಾರ್ಷಿಕ ಹಣ) ಕಾಗದ ಕೇಳಿ ನೋಡಿ. ಕಥೆಯ ಅರಸ ಸಿಗದಿದ್ದರೂ ಭೂಮಿಯ ಹಳೆಯ ವಿಸ್ತೀರ್ಣ ಸಿಗಬಹುದು.

ಶಕ ವರ್ಷವನ್ನು ಪರೀಕ್ಷಿಸುವುದು

ಶಾಸನದಲ್ಲಿ, ತಾಮ್ರಪಟದಲ್ಲಿ ಇರುವ ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ತಿಥಿ ಜನವರಿಯಿಂದ ಯುಗಾದಿಯೊಳಗೆ, ಅಂದರೆ ಪುಷ್ಯದ ಕೊನೆ, ಮಾಘ, ಫಾಲ್ಗುಣದಲ್ಲಿ ಬಂದರೆ 79. ಇಷ್ಟು ಎಲ್ಲರಿಗೂ ಗೊತ್ತು. ಸಂವತ್ಸರದ ಹೆಸರನ್ನೂ ತಾಳೆ ನೋಡುವವರು ಮಾತ್ರ ಕಡಿಮೆ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಸಂಖ್ಯೆ, ಪ್ರಭವ 1, ಶೇಷ ಸೊನ್ನೆಯಾದರೆ ಅಕ್ಷಯ. ಉದಾಹರಣೆಗೆ ಶಕ 1528: 12 ಕೂಡಿಸಿದರೆ 1540, ಶೇಷ 40, ಅಂದರೆ ಪರಾಭವ, ಕ್ರಿಸ್ತಶಕ 1606-07.

ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ. ಕಳೆದ ವರ್ಷವನ್ನು ಲೆಕ್ಕ ಹಿಡಿದರೋ ನಡೆಯುವ ವರ್ಷವನ್ನೋ ಎಂಬುದರಿಂದ ಆ ವ್ಯತ್ಯಾಸ ಆಗುತ್ತದೆ. ಐದು, ಹತ್ತು ವರ್ಷ ತಪ್ಪಿದರೆ ಎರಡು ಸಾಧ್ಯತೆ: ಅಂಕಿ ತಪ್ಪಾಗಿ ಓದಿದ್ದಾರೆ, ಇಲ್ಲವೇ ಆ ತಾಮ್ರಪಟವನ್ನು ನಂತರ ಯಾರೋ ಹಳೆಯ ತಾರೀಕು ಹಾಕಿ ಮಾಡಿಸಿದ್ದಾರೆ. ಭೂಮಿ ವ್ಯಾಜ್ಯಕ್ಕಾಗಿ ಹಾಗೆ ಹುಟ್ಟಿದ ತಾಮ್ರಪಟಗಳು ನಾಡಿನಲ್ಲಿ ಸಾಕಷ್ಟಿವೆ.

ಕಲ್ಲನ್ನು ಓದುವಾಗ

ದೀಪಾವಳಿ ಕಳೆದು ಹಾವಸೆ ಒಣಗಿದ ಮೇಲೆ ಹೋಗಿ. ಮೆತ್ತನೆಯ ಬಣ್ಣದ ಬ್ರಷ್ಷು ಮತ್ತು ಬರೀ ನೀರು, ಬೇರೇನೂ ಬೇಡ. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು, ಬಣ್ಣ ತುಂಬುವುದು, ಆ್ಯಸಿಡ್ ಹಾಕುವುದು ನಾಲ್ಕೂ ಅಪರಾಧವೇ ಎಂದು ತಿಳಿಯಿರಿ. ಬಣ್ಣ ತುಂಬಿದವರು ತಮಗೆ ಕಂಡ ಅಕ್ಷರವನ್ನು ಕಲ್ಲಿಗೆ ಹೇರುತ್ತಾರೆ, ಮುಂದಿನವರು ಅದನ್ನೇ ಓದುತ್ತಾರೆ. ಕಲ್ಲುಹೂವನ್ನು ಚಾಕುವಿನಿಂದ ಕೆರೆಯಬೇಡಿ, ಮೇಲ್ಪದರವೂ ಅದರ ಜೊತೆ ಎದ್ದು ಬರುತ್ತದೆ.

ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ತಂದು, ಮೇಲ್ಮೈಗೆ ಹತ್ತು ಹದಿನೈದು ಡಿಗ್ರಿಯಷ್ಟು ಓರೆಯಾಗಿ ಬೆಳಕು ಬಿಡಿ. ಹಗಲಲ್ಲಿ ಕಾಣದ ಗೆರೆಗೂ ನೆರಳು ಬೀಳುತ್ತದೆ. ನಾಲ್ಕೂ ಬದಿಯಿಂದ ಬೆಳಕು ಬಿಟ್ಟು, ಫ್ಲ್ಯಾಷ್ ಆರಿಸಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಅಚ್ಚು ತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡಿ. ವೀರಗಲ್ಲು, ಮಾಸ್ತಿಕಲ್ಲುಗಳನ್ನು ಪಾಂಡವರ ವನವಾಸಕ್ಕೆ ಸೇರಿಸಿ ಹೇಳುವ ಕಡೆ ಬರಹದ ಪಟ್ಟಿಕೆಗಳನ್ನು ಮೊದಲು ನೋಡಿ. ಬಹಳ ಸಲ ಸತ್ತವನ ಹೆಸರು, ಊರು, ದನ ತಿರುಗಿ ತಂದ ಕಾಳಗ ಅಲ್ಲೇ ಇರುತ್ತವೆ. ಆ ಮನುಷ್ಯನ ಹೆಸರನ್ನು ಅವನಿಗೆ ಮರಳಿ ಕೊಡುವುದಕ್ಕಿಂತ ಪುಣ್ಯದ ಕೆಲಸ ಇದರಲ್ಲಿ ಇನ್ನೊಂದಿಲ್ಲ.

ಮಿರ್ಜಾನ ಕೋಟೆ: ಪೂರ್ತಿ ಮಾಡಿ ನೋಡೋಣ

ಕುಮಟಾ ಬಳಿಯ ಈ ಕೋಟೆಯ ಬಗ್ಗೆ ಮೂರು ಹೇಳಿಕೆಗಳು. ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಕಟ್ಟಿಸಿದಳು ಎಂಬುದು ಒಂದು. ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕ್ 1608ರಿಂದ 1640ರ ನಡುವೆ ಕಟ್ಟಿಸಿದ ಎಂಬುದು ಇನ್ನೊಂದು. ರೋಮನ್ನರ ಕಾಲದ ಮುಝಿರಿಸ್ ಬಂದರು ಇದೇ ಎಂಬುದು ಮೂರನೆಯದು.

ಮೂರನೆಯದು ಬೇಗ ಮುಗಿಯುತ್ತದೆ. ಹೆಸರಿನ ಸದ್ದು ಹೋಲುತ್ತದೆ ಎಂದು ಹಿಂದಿನ ಪಾಶ್ಚಾತ್ಯ ವಿದ್ವಾಂಸರು ಮಾಡಿದ ಊಹೆ ಅದು. ಇಂದು ವಿದ್ವಾಂಸರು ಮುಝಿರಿಸನ್ನು ಕೇರಳದ ಕೊಡುಂಗಲ್ಲೂರು-ಪಟ್ಟಣಂ ಭಾಗದಲ್ಲಿ ಇಡುತ್ತಾರೆ, ರೋಮನ್ ಮಡಕೆಗಳ ರಾಶಿ ಸಿಕ್ಕಿರುವುದು ಅಲ್ಲಿ.

ಮೊದಲೆರಡಕ್ಕೆ 2000-01ರ ಉತ್ಖನನ ನೆರವಾಗುತ್ತದೆ. ಚೀನಾದ ಪಿಂಗಾಣಿ, ಗುಂಡುಗಳು, ಪೋರ್ಚುಗೀಸರ ಒಂದು ಚಿನ್ನದ ನಾಣ್ಯ ಸಿಕ್ಕವು. ನಾಣ್ಯ '1652ರಲ್ಲಿ ವೈಸರಾಯ್ ಸರ್ಝೆದಾಸ್ ಅಚ್ಚು ಹಾಕಿಸಿದ್ದು' ಎಂದು ಹಲವು ಕಡೆ ಬರೆದಿದೆ. ವೈಸರಾಯರ ಪಟ್ಟಿ ತೆಗೆದು ನೋಡಿ: ಸರ್ಝೆದಾಸ್ ಗೋವೆಯಲ್ಲಿ ಅಧಿಕಾರದಲ್ಲಿದ್ದದ್ದು 1655-56ರಲ್ಲಿ. ವರ್ಷವೋ ಹೆಸರೋ ಒಂದು ತಪ್ಪು. ಎರಡನ್ನೂ ಜೊತೆಗೆ ನಕಲು ಮಾಡಿದವರು ಯಾರೂ ಪಟ್ಟಿ ನೋಡಿಲ್ಲ ಎಂಬುದು ಖಚಿತ. ನೀವು ಬರೆಯುವಾಗ 'ಹದಿನೇಳನೆಯ ಶತಮಾನದ ನಡುಭಾಗದ ಪೋರ್ಚುಗೀಸ್ ನಾಣ್ಯ' ಎಂದರೆ ತಪ್ಪಾಗದು.

ಆ ನಾಣ್ಯ ಹೇಳುವುದೂ ಇಷ್ಟೇ: ನಾಣ್ಯ ಅಚ್ಚಾದ ಮೇಲೆ ಯಾವಾಗಲೋ ಯಾರೋ ಅದನ್ನು ಅಲ್ಲಿ ಕಳೆದುಕೊಂಡರು. ಗೋಡೆ ಯಾವಾಗ ಎದ್ದಿತು ಎಂದು ಅದು ಹೇಳಲಾರದು. ಕೋಟೆಯನ್ನು ಒಬ್ಬರು ಕಟ್ಟಿ, ಮತ್ತೊಬ್ಬರು ದೊಡ್ಡದು ಮಾಡಿ, ಮೂರನೆಯವರು ದುರಸ್ತಿ ಮಾಡುವುದು ಕರಾವಳಿಯ ರೂಢಿ. ಹಾಗಾಗಿ 'ಕಟ್ಟಿಸಿದರು' ಎಂಬ ಒಂದೇ ಕ್ರಿಯಾಪದದ ಬದಲು 'ಹಿಡಿತದಲ್ಲಿತ್ತು', 'ವಿಸ್ತರಿಸಿದರು' ಎಂಬವನ್ನು ಬೇರೆಬೇರೆ ಬಳಸಿ.

ರಾಣಿಯ ಕಥೆಯಲ್ಲಿ ಇನ್ನೊಂದು ತೊಡಕು. ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಮನೆತನಗಳಲ್ಲಿ ಚೆನ್ನಾದೇವಿ, ಭೈರಾದೇವಿ, ಚೆನ್ನಭೈರಾದೇವಿ ಎಂಬ ಹತ್ತಿರದ ಹೆಸರುಗಳು ಬರುತ್ತವೆ, ಜನರ ನೆನಪಿನಲ್ಲಿ ಎಲ್ಲರೂ ಒಬ್ಬಳೇ ಆಗಿದ್ದಾರೆ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟಾಗ ಅಲ್ಲಿ ಒಬ್ಬ ರಾಣಿ ಇದ್ದಳು. 1552ರಿಂದ 1606ರ ತನಕ ಆಳಿದವಳು ಎಂದು ನಾವು ಹೇಳುವ ಚೆನ್ನಭೈರಾದೇವಿಗೆ ಆ ಯುದ್ಧವನ್ನು ಕೊಟ್ಟರೆ ಲೆಕ್ಕ ಕೂಡುವುದಿಲ್ಲ. ಪ್ರತಿ ರಾಣಿಗೂ ಒಂದು ಹಾಳೆ ಮಾಡಿ, ತಾರೀಕು ಇರುವ ದಾಖಲೆಯನ್ನಷ್ಟೇ ಆ ಹಾಳೆಗೆ ಹಾಕಿ. ಚೆನ್ನಭೈರಾದೇವಿಯ ಪತನದ ಬಗ್ಗೆ 1623ರಲ್ಲಿ ಗೇರುಸೊಪ್ಪೆಯ ಮೇಲಿಂದ ಇಕ್ಕೇರಿಗೆ ಹೋದ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಒಂದು ಪ್ರೇಮ ಮತ್ತು ದ್ರೋಹದ ಕಥೆ ಬರೆದಿದ್ದಾನೆ. ಘಟನೆಗೆ ತೀರಾ ಹತ್ತಿರದ ಬರಹ, ನಿಜ. ಆದರೆ ಆತ ಹೊರಟಿದ್ದದ್ದು ಅವಳನ್ನು ಸೋಲಿಸಿದ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಹೋಗುವ ರಾಯಭಾರಿಯ ಜೊತೆ. ಪಾಳುಬಿದ್ದ ಅರಮನೆಯ ವರ್ಣನೆಯನ್ನು ಕಂಡದ್ದು ಎಂದೂ, ಪ್ರೇಮದ ಕಥೆಯನ್ನು ಕೇಳಿದ್ದು ಎಂದೂ ಗುರುತು ಹಾಕಿ. ಅರ್ಧ ಶತಮಾನ ಕಡಲ ವ್ಯಾಪಾರ ನಡೆಸಿದವಳನ್ನು ಗೆದ್ದವರ ಕಡೆಯ ಗಾಳಿಮಾತಿನಿಂದ ಅಳೆಯುವುದು ಅನ್ಯಾಯ.

ಸುರಂಗ ಮತ್ತು ನಿಧಿ

ಪ್ರತಿ ಕೋಟೆಯಲ್ಲೂ ಸುರಂಗದ ಮಾತು ಇದೆ. ಲೆಕ್ಕ ಹಾಕಿ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಎತ್ತರ, ಹತ್ತು ಕಿಲೋಮೀಟರ್ ಉದ್ದ ಎಂದರೆ 30,000 ಘನ ಮೀಟರ್ ಮಣ್ಣು, ಆರು ಘನ ಮೀಟರಿನ ಟಿಪ್ಪರಿನಲ್ಲಿ 5,000 ಲೋಡು. ಆ ಮಣ್ಣಿನ ದಿಬ್ಬ ಎಲ್ಲಿದೆ? ಗಾಳಿಗಿಂಡಿ ಎಲ್ಲಿವೆ? ಕರಾವಳಿಯಲ್ಲಿ ಆಷಾಢಕ್ಕೆ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ, ಚಿರೆಕಲ್ಲು ನೀರನ್ನು ಜಿನುಗಿಸುತ್ತದೆ. ಸುರಂಗ ಎಂದು ತೋರಿಸುವ ಬಾಯಿ ಸಾಮಾನ್ಯವಾಗಿ ಕಂದಕಕ್ಕೆ ನೀರು ಬಿಡುವ ಕಾಲುವೆ, ದಾಸ್ತಾನಿನ ಕೋಣೆ, ಇಲ್ಲವೇ ಸಣ್ಣ ಕಳ್ಳಬಾಗಿಲು ಆಗಿರುತ್ತದೆ.

ನಿಧಿಯ ಕಥೆಯನ್ನು ಮಾತ್ರ ಯಾವ ರೂಪದಲ್ಲೂ ಅಚ್ಚು ಮಾಡಬೇಡಿ. ಬಸದಿಗಳ ಪೀಠ ಕಿತ್ತದ್ದು, ನಾಗರಕಲ್ಲಿನ ಬುಡ ಅಗೆದದ್ದು ಆ ಕಥೆ ಕೇಳಿದವರೇ.

ಹಿರಿಯರನ್ನು ಕೇಳುವಾಗ

'ಅಜ್ಜಾ, ಇದು ನಿಜವಾ?' ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 'ಅಜ್ಜಾ, ನಿಮಗೆ ಇದನ್ನ ಹೇಳಿದ್ದು ಯಾರು? ಅವರು ಯಾವ ಊರಿನವರು? ಆಗ ನಿಮಗೆ ಎಷ್ಟು ವರ್ಷ?' ಎಂದು ಕೇಳಿ. ಮೂರು ತಲೆಮಾರು ಹಿಂದೆ ಹೋಗಲು ಇಷ್ಟು ಸಾಕು. ಒಂದೇ ಕಥೆಯನ್ನು ಬೇರೆ ಕೇರಿಯ, ಬೇರೆ ಜಾತಿಯ ಕನಿಷ್ಠ ಮೂವರಿಂದ ಬೇರೆಬೇರೆಯಾಗಿ ಕೇಳಿ. ಅರ್ಚಕರ ಮನೆಯಲ್ಲಿ ಒಂದು, ಹಾಲಕ್ಕಿ ಕೊಪ್ಪದಲ್ಲಿ ಇನ್ನೊಂದು, ಹರಿಕಂತರ ಕೇರಿಯಲ್ಲಿ ಮತ್ತೊಂದು ರೂಪ ಇದ್ದರೆ ಮೂರನ್ನೂ ಬರೆಯಿರಿ. ಒಂದನ್ನು ಆರಿಸಿ ಉಳಿದವನ್ನು ಬಿಟ್ಟಾಗಲೇ ಜಗಳ ಶುರುವಾಗುವುದು. ಮಾತಿನ ನಡುವೆ ಹಳೆಯ ಸ್ಮರಣ ಸಂಚಿಕೆಯ ವಾಕ್ಯವೇ ಬಾಯಿಪಾಠವಾಗಿ ಬಂದರೆ ಗುರುತು ಹಾಕಿಕೊಳ್ಳಿ, ಅದು ಪುಸ್ತಕದಿಂದ ಬಾಯಿಗೆ ಮರಳಿದ ಕಥೆ.

ಬರೆಯುವಾಗ ಮತ್ತು ಫಲಕ ನಿಲ್ಲಿಸುವಾಗ

ವಾಕ್ಯದ ಕೊನೆಯ ಕ್ರಿಯಾಪದವೇ ಓದುಗನಿಗೆ ಸಾಕ್ಷಿಯ ಬಲ ತಿಳಿಸಬೇಕು. ಶಾಸನ ಇದ್ದರೆ 'ಶಾಸನದಲ್ಲಿದೆ', ಪ್ರವಾಸಿ ಬರೆದಿದ್ದರೆ ವರ್ಷದೊಡನೆ 'ಬರೆದಿದ್ದಾನೆ', ಬಾಯಿಮಾತಾದರೆ 'ಊರಿನವರು ಹೇಳುತ್ತಾರೆ'. 'ಇತಿಹಾಸ ಪ್ರಸಿದ್ಧ', 'ಸಾವಿರಾರು ವರ್ಷಗಳ' ಎಂಬವನ್ನು ಕಂಡಲ್ಲಿ ಹೊಡೆದುಹಾಕಿ. ಫಲಕದಲ್ಲಿ ಸ್ಥಳಪುರಾಣಕ್ಕೆ ಮೇಲೆ ಒಂದು ಭಾಗ, ದಾಖಲೆಗೆ ಕೆಳಗೆ ಒಂದು ಭಾಗ, ಎರಡಕ್ಕೂ ತಲೆಬರಹ, ಕೊನೆಗೆ ಫಲಕ ಬರೆದ ವರ್ಷ ಇರಲಿ. ದೇವಸ್ಥಾನದ ಸಮಿತಿಯವರು ಇದಕ್ಕೆ ಒಪ್ಪುವುದಿಲ್ಲ ಎಂಬ ಭಯ ಬೇಡ. ಪುರಾಣವನ್ನು ಗೌರವದಿಂದ ಪೂರ್ತಿ ಹೇಳಿದ ಮೇಲೆ ಶಾಸನದ ತಾರೀಕಿಗೆ ಯಾರೂ ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ.

ಹಾಳೆಗಳನ್ನು, ಫೋಟೋಗಳನ್ನು, ಹಿರಿಯರ ಧ್ವನಿಮುದ್ರಣವನ್ನು ಎರಡು ಪ್ರತಿ ಮಾಡಿ. ಒಂದು ದೇವಸ್ಥಾನದ ಅಥವಾ ಶಾಲೆಯ ಕಪಾಟಿಗೆ, ಇನ್ನೊಂದು ತಾಲೂಕಿನ ಗ್ರಂಥಾಲಯಕ್ಕೆ. ಕರಾವಳಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಡಿ. ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನೆಲದಿಂದ ಎತ್ತರದ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ಇಡಿ.